ಉಮ್ಮರ್ ಸಾಹೇಬರ ಸೋಲಿನ ಹಲ್ವ

ಉಮ್ಮರ್ ಸಾಹೇಬರು ಹಸುಗೂಸನ್ನು ಕಂಡರೆ ಎಲ್ಲರಂತೆ ಅದರ ಮುಖ ನೋಡುತ್ತಿರಲಿಲ್ಲ. ಮೂಗು ಯಾರದು, ಹಣೆ ಯಾರದು ಎಂಬ ಚರ್ಚೆಗೆ ಇಳಿಯುತ್ತಿರಲಿಲ್ಲ. ಹತ್ತಿರ ಬಂದು, ತಲೆಯ ಮೇಲಿನ ಬಿಳಿ ಟೋಪಿಯನ್ನು ಸ್ವಲ್ಪ ಹಿಂದಕ್ಕೆ ಸರಿಸಿ, ತಾಯಿಯ ಕಡೆ ತಿರುಗಿ, ಈ ವರ್ಷ ಫಸಲು ಹೇಗಿದೆ ಎಂದು ವಿಚಾರಿಸುವ ಧ್ವನಿಯಲ್ಲಿ ಕೇಳುತ್ತಿದ್ದರು: "ಮಗು ಕಕ್ಕ ಯಾವ ಬಣ್ಣ ಅಮ್ಮ?"

ಈ ಪ್ರಶ್ನೆಗೆ ಅವರು ಸ್ಥಳ, ಕಾಲ ನೋಡಿದವರಲ್ಲ. ಬಸ್ ಸ್ಟ್ಯಾಂಡಿನಲ್ಲಿ ಕೇಳಿದ್ದಾರೆ. ಬ್ಯಾಂಕಿನ ಸಾಲಿನಲ್ಲಿ ಕೇಳಿದ್ದಾರೆ. ಒಂದು ಮದುವೆಯಲ್ಲಿ ನನ್ನ ಎಡಕ್ಕೆ ಕೂತು, ಎಲೆಗೆ ಪಾಯಸ ಬೀಳುವ ಹೊತ್ತಿಗೆ ಸರಿಯಾಗಿ, ಎದುರು ಪಂಕ್ತಿಯಲ್ಲಿದ್ದ ಹೆಣ್ಣುಮಗಳೊಬ್ಬಳನ್ನು ಕೇಳಿದ್ದಾರೆ. ಆ ದಿನ ನಾನು ಪಾಯಸ ಬಿಟ್ಟೆ. ಸಾಹೇಬರು ಎರಡು ಸಲ ಹಾಕಿಸಿಕೊಂಡರು.

ಮೂಡಿಗೆರೆಯಲ್ಲಿ ಅವರ ಕಾಫಿ ಗೋಡೌನಿನ ಎದುರಿಗೇ ನನ್ನ ಅಂಗಡಿ. ನಾನು ಮಾರುವುದು ಟಾರ್ಪಾಲು, ಪೈಪು, ಗಂಬೂಟು, ಕೊಡೆ. ಆದರೆ ಊರು ನನ್ನನ್ನು ಗುರುತಿಸುವುದು ಆ ಕಾರಣಕ್ಕಲ್ಲ. ನಾನು ಅಧ್ಯಕ್ಷ. ಯಾವುದರ ಅಧ್ಯಕ್ಷ ಎಂದು ಕೇಳಬಾರದು. ಇಸ್ತ್ರಿ ಮಾಡಿದ ಬಿಳಿ ಪಂಚೆ, ಹಣೆಯ ಮೇಲೆ ನೇರವಾಗಿ ಎಳೆದ ವಿಭೂತಿ, ಶಾಲು ಜಾರದಂಥ ಹೆಗಲು, ಯಾರಿಗೂ ಏನೂ ಅರ್ಥವಾಗದಷ್ಟು ನಿಧಾನವಾಗಿ ಮಾತಾಡುವ ಶಕ್ತಿ, ಇಷ್ಟು ಗುಣ ಒಬ್ಬನಲ್ಲೇ ಕೂಡಿಬಂದರೆ ನಮ್ಮ ತಾಲ್ಲೂಕಿನಲ್ಲಿ ಅವನನ್ನು ವೇದಿಕೆಯ ನಡುವಿನ ಕುರ್ಚಿಯಲ್ಲಿ ಕೂರಿಸಿಬಿಡುತ್ತಾರೆ. ಶಾಲೆಯ ವಾರ್ಷಿಕೋತ್ಸವ, ಯುವಕ ಸಂಘದ ವಾಲಿಬಾಲು, ವಚನ ಗಾಯನ, ನಾಯಿಗಳಿಗೆ ಚುಚ್ಚುಮದ್ದು, ಎಲ್ಲಕ್ಕೂ ನಾನೇ. ಸಾಹೇಬರು ನನ್ನ ಹೆಸರು ಹಿಡಿದು ಕರೆದದ್ದು ನನಗೆ ನೆನಪಿಲ್ಲ. ರಸ್ತೆಯ ಆ ಕಡೆಯಿಂದಲೇ "ಏನು ಅಧ್ಯಕ್ಷ್ರೇ, ಇವತ್ತು ಎಲ್ಲೂ ಶಾಲು ಇಲ್ವಾ?" ಎನ್ನುತ್ತಿದ್ದರು. ಅದರಲ್ಲಿ ಗೌರವ ಎಷ್ಟು, ಚುಚ್ಚುವುದು ಎಷ್ಟು ಎಂದು ನಾನು ಯಾವತ್ತೂ ತೂಗಿ ನೋಡಲಿಲ್ಲ. ತೂಗದಿದ್ದರೇ ಲಾಭ ಎಂದು ನನಗೆ ಗೊತ್ತಿತ್ತು.

ಸಾಹೇಬರು ದೊಡ್ಡ ಆಳು. ಧ್ವನಿಯೂ ದೊಡ್ಡದು. ಬಾಳೂರು, ಕಳಸದ ಕಡೆಯ ಬೆಳೆಗಾರರು ಜೀಪಿನಲ್ಲಿ ಕಾಫಿ ತಂದರೆ ಸಾಹೇಬರು ಚೀಲಕ್ಕೆ ಕೈಹಾಕಿ ಒಂದು ಹಿಡಿ ತೆಗೆದು, ಉತ್ತರದ ಕಿಟಕಿಯ ಹತ್ತಿರ ಸದಾ ಇರುತ್ತಿದ್ದ ಪಿಂಗಾಣಿ ತಟ್ಟೆಯ ಮೇಲೆ ಸುರಿದು, ಬೆರಳಿನಿಂದ ಹರಡಿ ನೋಡುತ್ತಿದ್ದರು. ಹಣ್ಣಿನ ಸಿಪ್ಪೆ ತೆಗೆದು ತೊಳೆದು ಒಣಗಿಸಿದ ಬೀಜಕ್ಕೆ ನಾವು ಪಾರ್ಚ್‌ಮೆಂಟ್ ಎನ್ನುತ್ತೇವೆ. ಬಿಳಿಯೂ ಅಲ್ಲದ, ಹಳದಿಯೂ ಅಲ್ಲದ, ಹಳೆಯ ಕಾಗದದಂಥ ಒಂದು ಬಣ್ಣ. ಅದನ್ನು ಬಲ್ಬಿನ ಬೆಳಕಿನಲ್ಲಿ ನೋಡಿ ಬೆಲೆ ಹೇಳುವವನು ವ್ಯಾಪಾರಿಯೇ ಅಲ್ಲ ಎಂಬುದು ಅವರ ವಾದ. ಯಾರಾದರೂ ಮೊಬೈಲಿನಲ್ಲಿ ಕಾಫಿಯ ಫೋಟೋ ಕಳಿಸಿದರೆ, "ಫೋನಲ್ಲಿ ಎಲ್ಲರ ಕಾಫಿಯೂ ಎ ಗ್ರೇಡೇ ಮಾರಾಯ್ರೇ, ಚೀಲ ತನ್ನಿ" ಎಂದು ಬಿಡುತ್ತಿದ್ದರು. ಆಮೇಲೆ ಒಂದು ಬೀಜ ಕಚ್ಚಿ, ಇದರಲ್ಲಿ ತೇವ ಇಷ್ಟಿದೆ ಎಂದು ಘೋಷಿಸುವರು. ಮಿಷನ್ನಿಗೆ ಹಾಕಿ ನೋಡುವರು. ಅಂದಾಜು ತಪ್ಪಿದರೆ ಬೆಳೆಗಾರನಿಗೆ ಪಕ್ಕದ ಬೇಕರಿಯಿಂದ ಅರ್ಧ ಕೆಜಿ ಗೋಧಿ ಹಲ್ವ. ಅದು ಅವರೇ ತಮಗೆ ವಿಧಿಸಿಕೊಂಡ ದಂಡ. ಬೇಕರಿಯವರ ಮೈಕಟ್ಟು ನೋಡಿದರೆ ಸಾಹೇಬರ ಅಂದಾಜು ಎಷ್ಟು ಸಲ ತಪ್ಪುತ್ತಿತ್ತು ಎಂದು ಗೊತ್ತಾಗುತ್ತಿತ್ತು.

ಸತ್ಯ ಹೇಳಬೇಕೆಂದರೆ ಅವರ ಭವಿಷ್ಯವಾಣಿಗಳೆಲ್ಲ ಹಾಗೇ. ರೇಟು ಏರುತ್ತದೆ ಎಂದು ಅವರು ಹೇಳಿದರೆ ತಿಳಿದವರು ಅವತ್ತೇ ಮಾರಿಬಿಡುತ್ತಿದ್ದರು. ಇವತ್ತು ಮಳೆ ಇಲ್ಲ ಎಂದು ಅವರು ಕೂಗಿದರೆ ನಾನು ಕೊಡೆಗಳನ್ನು ಅಂಗಡಿಯ ಮುಂದಕ್ಕೆ ತರಿಸುತ್ತಿದ್ದೆ.

ಮಕ್ಕಳ ವಿಷಯಕ್ಕೂ ಅವರು ಇದೇ ಕಾನೂನು ತಂದದ್ದು ನನಗೆ ಗೊತ್ತಾದದ್ದು ನಾನೇ ಅಧ್ಯಕ್ಷತೆ ವಹಿಸಿದ್ದ ಒಂದು ಆರೋಗ್ಯವಂತ ಶಿಶು ಸ್ಪರ್ಧೆಯಲ್ಲಿ. ಮಗುವಿನ ಆರೋಗ್ಯದ ಬಗ್ಗೆ ನನಗೆ ತಿಳಿದದ್ದು ಶೂನ್ಯ. ಹಾಗಾಗಿ ಅರ್ಧ ಗಂಟೆ ಮಾತಾಡಿದೆ. ಗುಂಡಗೆ, ಬೆಳ್ಳಗೆ ಇದ್ದ ಮಗುವಿಗೆ ಮೊದಲ ಬಹುಮಾನ ಎಂದು ನಿರ್ಣಯವಾಯಿತು. ಸ್ಟೀಲ್ ಡಬ್ಬಿಯನ್ನು ನಾನು ತಾಯಿಯ ಕೈಗೆ ಕೊಡುತ್ತಿರುವಾಗ, ಫೋಟೋದವನು ಸ್ವಲ್ಪ ನಗಿ ಸಾರ್ ಎನ್ನುತ್ತಿರುವಾಗ, ಸಾಹೇಬರು ಸಭೆಯಿಂದ ಎದ್ದು ನೇರವಾಗಿ ವೇದಿಕೆ ಹತ್ತಿದರು. ಹತ್ತಿ, ಆ ಪ್ರಶ್ನೆ ಕೇಳಿದರು. ತಾಯಿ ಗಾಬರಿಯಾಗಿ, ಒಂದೊಂದು ಸಲ ಬಿಳಿಚಿಕೊಂಡ ಹಾಗೆ ಇರುತ್ತದೆ ಎಂದಳು. ಸಾಹೇಬರು ನನ್ನ ಕಡೆ ತಿರುಗಿ, "ಬಹುಮಾನ ನಿಮ್ಮ ಹತ್ರಾನೇ ಇರ್ಲಿ ಅಧ್ಯಕ್ಷ್ರೇ. ಇವ್ರು ಮೊದ್ಲು ಮಕ್ಕಳ ಡಾಕ್ಟ್ರ ಹತ್ರ ಹೋಗಿ ಬರ್ಲಿ" ಎಂದರು. ಫೋಟೋ ಈಗಲೂ ನನ್ನ ಹತ್ತಿರ ಇದೆ. ಅದರಲ್ಲಿ ನಾನು ನಗುತ್ತಿಲ್ಲ.

ಮಗುವಿಗೆ ಏನೂ ಇರಲಿಲ್ಲ. ಮರುದಿನ ಸಾಹೇಬರು ಅರ್ಧ ಕೆಜಿ ಹಲ್ವ ಹಿಡಿದುಕೊಂಡು ಆ ಮನೆಯ ಬಾಗಿಲಿಗೆ ಹೋಗಿ, "ನಾನು ಸೋತೆ. ಅಲ್‌ಹಮ್ದುಲಿಲ್ಲಾ. ಬಾಯಿ ಸಿಹಿ ಮಾಡ್ಕೊಳ್ಳಿ" ಎಂದು ಕೊಟ್ಟುಬಂದರಂತೆ. ವಿಚಾರಿಸಿ ನೋಡಿದರೆ ಇದು ಮೊದಲ ಸಲವಲ್ಲ. ತಾಲ್ಲೂಕಿನಲ್ಲಿ ಆ ಹಲ್ವ ತಿಂದ ಮನೆಗಳು ಬೇಕಾದಷ್ಟಿದ್ದವು. ಕೆಲವರು ಹಲ್ವದ ಆಸೆಗೆ ಬೇಕೆಂದೇ ಬಣ್ಣವನ್ನು ಸ್ವಲ್ಪ ಬಿಳಿಚಿಸಿ ಹೇಳುತ್ತಿದ್ದರು ಎಂಬ ಗುಮಾನಿಯೂ ಇತ್ತು.

ನಾನು ಸಾಹೇಬರ ಗೋಡೌನಿಗೆ ಹೋಗಿ ಸಭಾಮರ್ಯಾದೆಯ ಬಗ್ಗೆ ಒಂದು ಸಣ್ಣ ಭಾಷಣ ಮಾಡಿದೆ. ಅವರು ಚಹಾ ತರಿಸಿದರು. ಪಿತ್ತ ಹರಿಯುವ ನಾಳವೇ ಮುಚ್ಚಿಕೊಂಡು ಹುಟ್ಟುವ ಮಕ್ಕಳಿರುತ್ತಾರೆ, ಪಿತ್ತ ಕರುಳಿಗೆ ಇಳಿಯದಿದ್ದರೆ ಕಕ್ಕಕ್ಕೆ ಬಣ್ಣ ಬರುವುದಿಲ್ಲ, ಒಳಗೇ ನಿಂತ ಪಿತ್ತ ಲಿವರನ್ನು ತಿಂದುಹಾಕುತ್ತದೆ, ಎರಡು ತಿಂಗಳ ಒಳಗೆ ಆಪರೇಷನ್ ಆದರೆ ಉಳಿಯುವ ದಾರಿ ಇದೆ, ತಡವಾದಷ್ಟೂ ಆ ದಾರಿ ಸಣ್ಣದಾಗುತ್ತದೆ, ಏನೂ ಮಾಡದೆ ಬಿಟ್ಟರೆ ಹೆಚ್ಚಿನ ಮಕ್ಕಳು ಎರಡು ವರ್ಷ ದಾಟುವುದಿಲ್ಲ. ಇಷ್ಟನ್ನು ಅವರು ಕಾಫಿ ರೇಟು ಹೇಳಿದ ಹಾಗೆ ಹೇಳಿ ಮುಗಿಸಿದರು.

ಇಂಥದ್ದು ಎಷ್ಟು ಮಕ್ಕಳಿಗೆ ಬರುತ್ತದೆ ಎಂದು ಕೇಳಿದೆ. ತುಂಬ ಅಪರೂಪ, ಎಷ್ಟೋ ಸಾವಿರ ಮಕ್ಕಳಲ್ಲಿ ಒಂದಕ್ಕೆ ಅಂತೆ ಎಂದರು. ನೀವು ಕೇಳಿ ಹಿಡಿದ ಮಕ್ಕಳೆಷ್ಟು ಎಂದೆ. ಬಾಳೂರಿನ ಎಸ್ಟೇಟಿನ ಕೂಲಿಯವರ ಲೈನಿನಲ್ಲಿ ಒಂದು ಮಗು, ಅದೂ ತಡವಾಗಿತ್ತು ಎಂದರು. ನಾನು ಗೆದ್ದೆ ಅನ್ನಿಸಿತು. ಇಡೀ ತಾಲ್ಲೂಕಿನ ತಾಯಂದಿರ ನಿದ್ದೆ ಕೆಡಿಸುವುದು ಒಂದು ಮಗುವಿಗಾಗಿಯೇ, ಇಷ್ಟು ಅಪರೂಪದ್ದಕ್ಕೆ ಇಷ್ಟು ಗದ್ದಲವೇ ಎಂದು, ಪಾಯಿಂಟು ಪಾಯಿಂಟಾಗಿ, ವಾದ ಮಂಡಿಸಿದೆ.

ಸಾಹೇಬರು ತಟ್ಟೆಯ ಮೇಲಿನ ಬೀಜಗಳನ್ನು ಬೆರಳಿನಿಂದ ಒಂದು ಬದಿಗೆ ಸರಿಸಿದರು. "ಆ ಲೈನಿಗೆ ಹೋಗಿ ಆ ತಾಯಿಗೆ ಹೇಳಿ ಬನ್ನಿ ಅಧ್ಯಕ್ಷ್ರೇ, ನಿನ್ನ ಮಗೂದು ಅಪರೂಪದ್ದು ಅಂತ. ಹೇಳಿ ಬಂದ್ಮೇಲೆ ನಾನು ಕೇಳೋದು ನಿಲ್ಲಿಸ್ತೇನೆ."

ನಾನು ಹೋಗಲಿಲ್ಲ. ಅವತ್ತು ಸಂಜೆ ನನಗೊಂದು ಸಭೆ ಇತ್ತು.

ಇದಾದ ಎರಡು ಮೂರು ವರ್ಷಕ್ಕೆ ನನ್ನ ಮಗಳು ಚೇತನಾ ಹೆರಿಗೆಗೆ ಬಂದಳು. ಅಳಿಯ ಹಾಸನದಲ್ಲಿ ಕಾಲೇಜು ಮೇಷ್ಟ್ರು. ಮಳೆ ಹಿಡಿದ ವಾರದಲ್ಲಿ ಹೆಣ್ಣುಮಗು ಹುಟ್ಟಿತು. ಗೌರಿ ಎಂದು ಹೆಸರಿಟ್ಟೆವು. ಮನೆಗೆ ಬಂದ ಮೇಲೆ ಮಗುವಿಗೆ ಸ್ವಲ್ಪ ಹಳದಿ ಕಂಡಿತು. ಹುಟ್ಟಿದ ಮಕ್ಕಳಿಗೆ ಅದು ಸಾಮಾನ್ಯ, ತಾನಾಗಿ ಇಳಿಯುತ್ತದೆ, ಎರಡು ವಾರ ಕಳೆದರೂ ಇಳಿಯದಿದ್ದರೆ ಮಾತ್ರ ತಪ್ಪದೆ ಕರೆದುಕೊಂಡು ಬನ್ನಿ ಎಂದು ಆಸ್ಪತ್ರೆಯಲ್ಲಿ ಮೊದಲೇ ಹೇಳಿದ್ದರು. ಬೆಳಗಿನ ಎಳೆ ಬಿಸಿಲು ತೋರಿಸಿದರೆ ಬೇಗ ಹೋಗುತ್ತದೆ ಎಂದು ನೋಡಲು ಬಂದ ಹೆಂಗಸರೆಲ್ಲ ಹೇಳಿದರು. ನಾವು ಮೊದಲನೆಯ ಮಾತನ್ನು ಮರೆತೆವು. ಎರಡನೆಯದನ್ನು ಹಿಡಿದುಕೊಂಡೆವು.

ಬಿಸಿಲು ಎಲ್ಲಿದೆ? ನಮ್ಮ ಕಡೆ ಮಳೆ ಹಿಡಿದರೆ ಹಿಡಿಯಿತು. ಆ ದಿನಗಳಲ್ಲಿ ನಮ್ಮ ಮನೆಗಳಲ್ಲಿ ಯಾವ ತೊಂದರೆಗೂ ಒಂದೇ ಉತ್ತರ. ಪಂಚೆ ಒಣಗಲಿಲ್ಲ, ಬಿಸಿಲು ಬರಲಿ. ಚಪ್ಪಲಿಗೆ ಬೂಷ್ಟು ಹಿಡಿಯಿತು, ಬಿಸಿಲು ಬರಲಿ. ಉಪ್ಪು ನೀರಾಯಿತು, ಬೆಂಕಿಪೊಟ್ಟಣ ಹತ್ತುತ್ತಿಲ್ಲ, ಅಜ್ಜಿಯ ಮಂಡಿ ನೋವು, ಬಿಸಿಲು ಬರಲಿ. ಆ ಸಾಲಿನ ಕೊನೆಯಲ್ಲಿ ನಾವು ನನ್ನ ಮೊಮ್ಮಗಳನ್ನೂ ನಿಲ್ಲಿಸಿದೆವು. ಹಳದಿ ಇಳಿಯಲಿಲ್ಲ ಎಂದರೆ ತಪ್ಪು ಮಗುವಿನದಲ್ಲ, ಮೋಡದ್ದು. ಹಾಸನದಿಂದ ಅಳಿಯ ಫೋನು ಮಾಡಿ ಕೇಳಿದಾಗಲೆಲ್ಲ ನಾನು, ನನಗೆ ಅಭ್ಯಾಸವಾದ ರೀತಿಯಲ್ಲಿ, ಸೂರ್ಯ ಕಾಣಿಸುವವರೆಗೆ ವಿಷಯವನ್ನು ಮುಂದೂಡಲಾಗಿದೆ ಎಂದು ತಿಳಿಸುತ್ತಿದ್ದೆ.

ಸಾಹೇಬರ ಪ್ರಶ್ನೆಯಂತೂ ಬರುತ್ತದೆ ಎಂದು ನನಗೆ ಗೊತ್ತಿತ್ತು. ಅದಕ್ಕೆ ವ್ಯವಸ್ಥೆ ಮಾಡಿದೆ. ಅಂಗಡಿಯ ಮುಂದೆ, ಪ್ರದರ್ಶನಕ್ಕೆ ಎಂಬ ನೆಪದಲ್ಲಿ, ದೊಡ್ಡ ಅಳತೆಯ ನೀಲಿ ಟಾರ್ಪಾಲನ್ನು ಇಳಿಬಿಟ್ಟೆ. ಎದುರಿನ ಗೋಡೌನಿಗೆ ನಾನು ಕಾಣದ ಹಾಗಾಯಿತು. ಗಿರಾಕಿಗಳಿಗೂ ಅಂಗಡಿ ಕಾಣದ ಹಾಗಾಯಿತು. ಟಾರ್ಪಾಲಿನ ಹಿಂದೆ, ಮುತ್ತಿಗೆ ಹಾಕಿದ ಕೋಟೆಯೊಳಗಿನ ಪಾಳೇಗಾರನ ಹಾಗೆ, ನಾನೊಬ್ಬನೇ ಗಂಬೂಟುಗಳ ಮಧ್ಯೆ ಕೂತಿರುತ್ತಿದ್ದೆ. ಕೋಟೆಯ ಆಚೆಯಿಂದ ಆ ದೊಡ್ಡ ಧ್ವನಿ ಮಾತ್ರ ಬರುತ್ತಿತ್ತು: "ಅಧ್ಯಕ್ಷ್ರೇ, ಮೊಮ್ಮಗಳಂತೆ. ಒಳ್ಳೇದಾಯ್ತು. ಬಣ್ಣ ಹೆಂಗುಂಟು?"

ನಾನು ಕೆಮ್ಮಿ ಗಂಬೂಟು ಒರೆಸುತ್ತಿದ್ದೆ.

ಒಂದು ಬೆಳಿಗ್ಗೆ ಅವರು ಕೊಡೆ ಹಿಡಿದುಕೊಂಡು ಮನೆಗೇ ಬಂದರು. ಕೈಯಲ್ಲಿ ಬಾಣಂತಿಗೆಂದು ಖರ್ಜೂರದ ಪೊಟ್ಟಣ. ನನ್ನ ಹೆಂಡತಿ ಶಾರದೆ ಒಳಗಿನಿಂದಲೇ ನನಗೆ ಕಣ್ಸನ್ನೆ ಮಾಡಿದಳು, ಏನಾದರೂ ಮಾಡಿ ಸಾಗಹಾಕಿ ಎಂದು. ನಾನು ಜಗುಲಿಯಲ್ಲಿ ಅವರನ್ನು ಕೂರಿಸಿ, ಹವಾಮಾನದ ಬಗ್ಗೆ, ಕೊಳೆರೋಗದ ಬಗ್ಗೆ, ರಸ್ತೆಗೆ ಬಿದ್ದ ಮರದ ಬಗ್ಗೆ ವಿಸ್ತಾರವಾಗಿ ಮಾತಾಡಿದೆ. ಎಲ್ಲಕ್ಕೂ ಹೂಂ ಅಂದರು. ನನ್ನ ಸರಕು ಖಾಲಿಯಾದ ಮೇಲೆ ಕೇಳಿದರು. ನಾನು ಎದ್ದು ನಿಂತು, ಹೆಣ್ಣುಮಕ್ಕಳಿರುವ ಮನೆಯಲ್ಲಿ ಈ ಪ್ರಸ್ತಾಪ ಶೋಭಿಸುವುದಿಲ್ಲ, ಇದನ್ನು ಇಲ್ಲಿಗೇ ಕೈಬಿಡೋಣ ಎಂದೆ.

ಬಾಣಂತಿ ಕೋಣೆಯ ಬಾಗಿಲು ತೆರೆಯಿತು. ಚೇತನಾ ಮಗುವನ್ನು ಎತ್ತಿಕೊಂಡು ನಿಂತಿದ್ದಳು.

"ಅಪ್ಪ, ನೀವು ಸ್ವಲ್ಪ ಸುಮ್ನಿರಿ. ಸಾಹೇಬ್ರೇ, ಒಳಗೆ ಬನ್ನಿ. ನಂಗೂ ಒಂದು ಡೌಟಿದೆ."

ಮೊದಮೊದಲು ಸರಿಯಾಗೇ ಇತ್ತು, ಆಮೇಲೆ ಬರಬರುತ್ತಾ ಬಣ್ಣ ಇಳಿಯಿತು ಎಂದು ಅವಳು ಹೇಳಿದಳು. ಹಾಲು ಕುಡಿಯುವ ಮಗುದು ಹಾಲಿನ ಹಾಗೇ ಇರುತ್ತದೆ ಎಂದು ಶಾರದೆ ಸಮಾಧಾನ ಹೇಳಿದ್ದಳಂತೆ. ಮಳೆಗೆ ಕರೆಂಟು ಹೋದ ಮನೆ, ಎಮರ್ಜೆನ್ಸಿ ಲೈಟಿನ ಬೆಳಕು, ಪೇಟೆಯ ಡೈಪರು. ಸುತ್ತಿ ಪೇಪರಿನಲ್ಲಿ ಕಟ್ಟಿ ಎಸೆದರೆ ಮುಗಿಯಿತು, ಬಿಡಿಸಿ ನೋಡುವವರು ಯಾರು? ಸಾಹೇಬರು ಅವತ್ತಿನದನ್ನು ಕಿಟಕಿಯ ಹತ್ತಿರ ತರಲು ಹೇಳಿದರು. ಪೂರ್ತಿ ತೆರೆಯಲು ಹೇಳಿದರು. ಹೊರಗೆ ಮಳೆ ಸ್ವಲ್ಪ ತೆಳುವಾಗಿ ಒಂದಿಷ್ಟು ಬೂದು ಬೆಳಕಿತ್ತು. ಜೇಬಿಗೆ ಕೈಹಾಕಿ ನಾಲ್ಕಾರು ಪಾರ್ಚ್‌ಮೆಂಟ್ ಬೀಜ ತೆಗೆದು ಅಂಗೈಯಲ್ಲಿಟ್ಟು ಪಕ್ಕಕ್ಕೆ ಹಿಡಿದರು.

ಕಾಫಿ ವ್ಯಾಪಾರ ನನಗೆ ಬರುವುದಿಲ್ಲ. ಮಕ್ಕಳನ್ನು ಸಾಕಿದ್ದೂ ಶಾರದೆಯೇ. ಆದರೂ ಎರಡಕ್ಕೂ ವ್ಯತ್ಯಾಸವಿಲ್ಲ ಎಂದು ನನ್ನ ಕಣ್ಣಿಗೂ ಕಂಡಿತು.

ಸಾಹೇಬರು ಬೀಜಗಳನ್ನು ಜೇಬಿಗೆ ಹಾಕಿಕೊಂಡು ಬಾಗಿಲ ಚೌಕಟ್ಟು ಹಿಡಿದು ನಿಂತರು. ಆಮೇಲೆ ನನ್ನ ಕಡೆ ತಿರುಗಿದರು.

"ನಾನು ಸೋತ್ರೆ ಈ ಸಲ ಹಲ್ವ ಅಲ್ಲ ಮಾರಾಯ್ರೇ, ಆ ಬೇಕರೀನೇ ನಿಮ್ಮ ಹೆಸ್ರಿಗೆ ಬರೆಸ್ತೇನೆ. ಈಗ್ಲೇ ಹೊರಡಿ. ಬಿಸಿಲಿಗೆ ಕಾಯ್ಬೇಡಿ. ಮಂಗ್ಳೂರಿಗೆ ಹೋಗುವ. ಜೀಪು ತರ್ತೇನೆ."

ಜೀಪನ್ನು ಅವರೇ ಓಡಿಸಿದರು. ಹಿಂದೆ ಶಾರದೆ, ಚೇತನಾ, ಕಂಬಳಿಯಲ್ಲಿ ಸುತ್ತಿದ ಮಗು. ಮುಂದೆ ನಾನು, ಅವಸರದಲ್ಲಿ ಶಾಲನ್ನೂ ಹೊದ್ದುಕೊಂಡು ಬಂದಿದ್ದೆ, ಯಾಕೆಂದು ಈಗಲೂ ಗೊತ್ತಿಲ್ಲ. ಕೊಟ್ಟಿಗೆಹಾರ ದಾಟಿ ಚಾರ್ಮಾಡಿ ಘಾಟಿಗೆ ಇಳಿದಾಗ ಮಂಜಿನಲ್ಲಿ ಬಾನೆಟ್ಟಿನಾಚೆ ಏನೂ ಕಾಣುತ್ತಿರಲಿಲ್ಲ. ಘಾಟಿ ಇಳಿಯುತ್ತಾ ಸಾಹೇಬರು, ರಸ್ತೆಯಿಂದ ಕಣ್ಣು ತೆಗೆಯದೆ, ಹಿಂದಿನವರಿಗೆ ಕೇಳದಷ್ಟು ಮೆಲ್ಲಗೆ, ತಮ್ಮ ಮೊದಲ ಮಗಳ ವಿಷಯ ಹೇಳಿದರು. ರುಕಿಯಾ ಎಂದು ಹೆಸರು. ಅವಳೂ ಮಳೆಯಲ್ಲಿ ಹುಟ್ಟಿದವಳೇ. ಅವಳಿಗೂ ಹಳದಿ ಇಳಿಯಲಿಲ್ಲ. ಅವರ ಮನೆಯವರೂ ಬಿಸಿಲಿಗೆ ಕಾದರು. ಕೊಯ್ಲಿನ ಹೊತ್ತಿಗೆ ಬಿಸಿಲು ಬಂತು. ಕಣದಲ್ಲಿ ಕಾಫಿ ಹರಡಿ, ಅದರ ಪಕ್ಕದಲ್ಲೇ ಚಾಪೆ ಹಾಕಿ, ಮಗುವನ್ನು ಬಟ್ಟೆ ಬಿಚ್ಚಿ ಮಲಗಿಸಿದರು.

"ಚಾಪೆ ಮೇಲೆ ಮಗು ಕಕ್ಕ ಮಾಡ್ತು. ನಾನು ಪಕ್ಕದಲ್ಲೇ ಪಾರ್ಚ್‌ಮೆಂಟ್ ತಿರುವಿ ಹಾಕ್ತಾ ಇದ್ದೆ. ಎರಡೂ ಒಂದೇ ಬಣ್ಣ. ಅವತ್ತು ನಂಗೆ ನಗು ಬಂತು ಅಧ್ಯಕ್ಷ್ರೇ. ಮನೆಯವಳನ್ನ ಕರೆದು ತೋರ್ಸಿದೆ, ಕಾಫಿ ವ್ಯಾಪಾರಿ ಮಗಳು ನೋಡು ಅಂತ."

ಮುಂದಿನ ತಿರುವಿನಲ್ಲಿ ಲಾರಿಯೊಂದು ಅಡ್ಡ ನಿಂತಿತ್ತು. ಅದು ಸರಿಯುವವರೆಗೆ ಅವರು ಗಾಜಿನ ಮಂಜು ಒರೆಸಿದರು. ಹೊಟ್ಟೆ ಊದಿಕೊಂಡ ಮೇಲೆ ಇದೇ ಘಾಟಿ ಇಳಿಸಿ ಕರೆದುಕೊಂಡು ಹೋದರಂತೆ. ಮೊದಲೇ ತಂದಿದ್ದರೆ ಎಂದು ಡಾಕ್ಟರು ಅರ್ಧ ಮಾತು ಹೇಳಿ ನಿಲ್ಲಿಸಿದರಂತೆ. ಮುಂದಿನ ಮಳೆಗಾಲವನ್ನು ರುಕಿಯಾ ನೋಡಲಿಲ್ಲ. ಎಲ್ಲ ಸಭೆಗಳಲ್ಲೂ ಸಂತಾಪಸೂಚಕ ನಿರ್ಣಯ ಮಂಡಿಸುವವನು ನಾನೇ. ಶಾಲಿನ ಅಂಚನ್ನು ಸುತ್ತಿ ಬಿಚ್ಚುತ್ತಾ ಕೂತೆ.

ಆಸ್ಪತ್ರೆಯಲ್ಲಿ ಪರೀಕ್ಷೆಗಳಾದವು. ಮಕ್ಕಳ ಸರ್ಜನ್ ಒಬ್ಬರು, ವಯಸ್ಸಿನಲ್ಲಿ ನನ್ನ ಮಗಳಿಗಿಂತ ಸ್ವಲ್ಪ ದೊಡ್ಡವರಿರಬೇಕು, ಕಾಗದದ ಮೇಲೆ ಚಿತ್ರ ಬರೆದು ತೋರಿಸಿದರು. ಸಾಹೇಬರು ಹೇಳಿದ್ದೇ. ನಾಳ ಮುಚ್ಚಿಹೋಗಿದೆ. ಕರುಳಿನ ಒಂದು ತುಂಡನ್ನು ನೇರ ಲಿವರಿಗೆ ಜೋಡಿಸಿ ದಾರಿ ಮಾಡಬೇಕು. ಆದರೂ ಪಿತ್ತ ಹರಿದೇ ಹರಿಯುತ್ತದೆ ಎನ್ನಲಾಗುವುದಿಲ್ಲ. ಹರಿದರೂ ಮುಂದೆ ಲಿವರ್ ಬದಲಿಸಬೇಕಾಗಿ ಬರಬಹುದು. ಎರಡು ತಿಂಗಳು ತುಂಬುವ ಮೊದಲೇ ತಂದಿದ್ದೀರಿ, ಅದು ಒಳ್ಳೆಯದು, ಇಂಥ ಮಕ್ಕಳು ಹೆಚ್ಚಾಗಿ ತಡವಾಗಿಯೇ ಬರುತ್ತಾರೆ ಎಂದರು. ಯಾರು ಗುರುತಿಸಿದ್ದು ಎಂದು ಕೇಳಿದರು. ನಾವೆಲ್ಲ ಬಾಗಿಲ ಕಡೆ ನೋಡಿದೆವು. ಸಾಹೇಬರು ಅಲ್ಲಿರಲಿಲ್ಲ. ಹೊರಗೆ ಕಾರಿಡಾರಿನಲ್ಲಿ ಯಾರದೋ ಮಗುವಿನ ತಾಯಿಯನ್ನು ಮಾತಾಡಿಸುತ್ತಿದ್ದರು. ಏನು ಕೇಳುತ್ತಿದ್ದರು ಎಂದು ಹೇಳಬೇಕಾಗಿಲ್ಲ.

ಆಪರೇಷನ್ ಆಯಿತು. ಸಾಹೇಬರು ಊರಿಗೆ ಹೋಗಿದ್ದರು. ಇನ್ನು ಕಾಯುವುದೊಂದೇ ಕೆಲಸ. ಕಾಯುವುದು ಏನನ್ನು ಎಂದರೆ, ನಾನು ಮದುವೆ ಮನೆಯಲ್ಲಿ ಪಾಯಸ ಬಿಟ್ಟದ್ದು ಯಾವ ಮಾತಿಗೋ ಅದನ್ನೇ. ವಚನಗಳನ್ನು ವ್ಯಾಖ್ಯಾನ ಮಾಡಿದ ಈ ನಾಲಿಗೆ ದಿನಕ್ಕೆ ಹತ್ತು ಸಲ ನರ್ಸಮ್ಮನನ್ನು ಅದನ್ನೇ ಕೇಳಿತು. ಬಿಳಿ, ಬಿಳಿ, ಬೂದು, ಮತ್ತೆ ಬಿಳಿ. ಅಳಿಯ ಹಾಸನದಿಂದ ಬಂದು ಗೋಡೆಗೆ ಒರಗಿ ನಿಂತುಬಿಟ್ಟಿದ್ದ. ಒಂದು ಮಧ್ಯಾಹ್ನ ಒಳಗಿನಿಂದ ಚೇತನಾ ಅಳುತ್ತಾ ಬಂದಳು. ಅವಳು ಅಳುತ್ತಲೇ ನಕ್ಕು, ಬಂದು ನೋಡಿ ಎಂದಳು.

ನೋಡಿದೆ. ಫೋನು ತೆಗೆದು ಸಾಹೇಬರಿಗೆ ಮಾಡಿದೆ. ಮೂಡಿಗೆರೆಯಲ್ಲಿ ಮಳೆ, ಸಿಗ್ನಲ್ ಸರಿಯಿಲ್ಲ, ಅವರಿಗೆ ಏನೂ ಕೇಳುತ್ತಿಲ್ಲ. ನಾನು ಕಾರಿಡಾರಿಗೆ ಬಂದು, ಮೈಕಿಲ್ಲದ ಸಭೆಗಳಲ್ಲಿ ಬಳಸುವ ಧ್ವನಿಯನ್ನು ತೆಗೆದು, ಇಡೀ ವಾರ್ಡಿಗೆ ಕೇಳುವ ಹಾಗೆ, ನನ್ನ ಮೊಮ್ಮಗಳ ಕಕ್ಕ ಹಳದಿಯಾಗಿದೆ, ಸಾಸಿವೆ ಅರೆದ ಹಾಗೆ ಹಳದಿ, ಎಂದು ಘೋಷಿಸಿದೆ. ಕಾರಿಡಾರಿನ ಜನವೆಲ್ಲ ತಿರುಗಿ ನೋಡಿದರು. ಒಬ್ಬ ಮುದುಕ ಚಪ್ಪಾಳೆ ತಟ್ಟಿದ. ನನ್ನ ಭಾಷಣಕ್ಕೆ ಯಾರೂ ಹೇಳಿಕೊಡದೆ ಬಿದ್ದ ಚಪ್ಪಾಳೆ ಅದೊಂದೇ. ಆ ಕಡೆಯಿಂದ ಸಾಹೇಬರು, "ಬೆಳಕಲ್ಲಿ ನೋಡಿದ್ರಾ?" ಎಂದರು.

ಊರಿಗೆ ಬಂದ ಮೇಲೆ ನಾನು ಮೊದಲು ಮಾಡಿದ ಕೆಲಸ ಆ ನೀಲಿ ಟಾರ್ಪಾಲನ್ನು ಬಿಚ್ಚಿಸಿದ್ದು. ವ್ಯಾಪಾರವೂ ಸ್ವಲ್ಪ ಸುಧಾರಿಸಿತು.

ಗೌರಿ ಈಗ ಶಾಲೆಗೆ ಹೋಗುತ್ತಾಳೆ. ಆಗಾಗ ಮಂಗಳೂರಿಗೆ ಹೋಗಿ ಪರೀಕ್ಷೆಗೆ ರಕ್ತ ಕೊಟ್ಟು ಬರಬೇಕು. ಮುಂದೇನು ಎಂದು ಡಾಕ್ಟರೂ ಹೇಳುವುದಿಲ್ಲ, ನಾವೂ ಒತ್ತಾಯ ಮಾಡಿ ಕೇಳುವುದಿಲ್ಲ. ಹೊಟ್ಟೆಯ ಮೇಲೆ ಅಡ್ಡಕ್ಕೆ ಒಂದು ಗೆರೆ ಇದೆ. ಅದನ್ನು ಅವಳು ಬಂದವರಿಗೆಲ್ಲ ಅಂಗಿ ಎತ್ತಿ ತೋರಿಸುತ್ತಾಳೆ. ಸಭೆಯ ಭಯ ಇಲ್ಲದ್ದು ನನ್ನ ಕಡೆಯಿಂದ ಬಂದದ್ದಿರಬೇಕು. ರಜೆಗೆ ಬಂದಾಗಲೆಲ್ಲ ರಸ್ತೆ ದಾಟಿ ಗೋಡೌನಿಗೆ ಹೋಗಿ ಸಾಹೇಬರ ಪಿಂಗಾಣಿ ತಟ್ಟೆಯ ಮೇಲೆ ಕಾಫಿಬೀಜದಲ್ಲಿ ರಂಗೋಲಿ ಹಾಕುತ್ತಿದ್ದಳು. ಆ ತಟ್ಟೆಯನ್ನು ಬೇರೆ ಯಾರೂ ಮುಟ್ಟುವ ಹಾಗಿರಲಿಲ್ಲ.

ಸಾಹೇಬರಿಗೆ ಕಣ್ಣು ಮಂಜಾಯಿತು. ಸಕ್ಕರೆ ಕಾಯಿಲೆಯೂ ಸೇರಿ ಕಾಲು ಸೋತಿತು. ಮಗ ವ್ಯಾಪಾರ ನೋಡಿಕೊಳ್ಳತೊಡಗಿದ. ಕಳೆದ ಬೇಸಿಗೆಯಲ್ಲಿ ನಾನು, ಗೌರಿ ಅವರ ಮನೆಗೆ ಹೋದೆವು. ಕಿಟಕಿಯ ಪಕ್ಕ ಮಂಚದ ಮೇಲೆ ಒರಗಿ ಕೂತಿದ್ದರು. ಇನ್ನು ಬೀಜದ ಬಣ್ಣ ಗೊತ್ತಾಗೋದಿಲ್ಲ, ಮೂಸಿ ಹೇಳ್ತೇನೆ, ಅದೂ ತಪ್ಪಾಗುತ್ತದೆ, ಮೊದಲೂ ತಪ್ಪೇ ಆಗುತ್ತಿತ್ತು ಬಿಡಿ ಎಂದು ನಕ್ಕರು. ಗೌರಿ ಮಂಚದ ಅಂಚಿಗೆ ಆತು ನಿಂತು, ಯಾರಿಂದಲೋ ಕೇಳಿ ಬಹಳ ದಿನದಿಂದ ಮನಸ್ಸಿನಲ್ಲಿಟ್ಟುಕೊಂಡಿದ್ದ ದೂರನ್ನು ತೆಗೆದಳು.

"ಅಜ್ಜ, ನೀವು ಎಲ್ಲ ಪಾಪುಗಳ ಮನೆಗೂ ಹಲ್ವ ಕೊಟ್ಟಿದ್ದೀರಂತೆ. ನಮ್ಮನೆಗೆ ಯಾಕೆ ಕೊಡ್ಲಿಲ್ಲ?"

"ನಿಮ್ಮನೇಲಿ ನಾನು ಗೆದ್ದೆ ಅಲ್ವಾ ಅಮ್ಮ. ಗೆದ್ದವನು ಹಲ್ವ ಕೊಡೋದಿಲ್ಲ."

"ಗೆದ್ರೆ ಒಳ್ಳೇದಲ್ವಾ?"

ಅವರು ಅವಳ ತಲೆಯನ್ನು ಹುಡುಕಿ, ಮೇಲೆ ಕೈ ಇಟ್ಟರು. "ಅವತ್ತೂ ಸೋತಿದ್ರೆ ಚೆನ್ನಾಗಿತ್ತು" ಎಂದರು. ಮತ್ತೆ ನನ್ನ ಕಡೆಗೆ, ನಾನಿದ್ದೇನೆಂದು ಅವರು ತಿಳಿದಿದ್ದ ಕಡೆಗೆ, ಮುಖ ತಿರುಗಿಸಿದರು. "ನಂಗೆ ಇನ್ನು ಬೀದಿಗೆ ಹೋಗ್ಲಿಕ್ಕೆ ಆಗೋದಿಲ್ಲ ಅಧ್ಯಕ್ಷ್ರೇ. ಯಾರಾದ್ರೂ ಕೇಳ್ಬೇಕಲ್ಲ. ನಿಮ್ಗೆ ಹೆಂಗೂ ಮೈಕು ಕೊಡ್ತಾರೆ."

ನನ್ನ ಸ್ಥಾನಮಾನದ ಬಗ್ಗೆ, ಪ್ರಾಯದ ಬಗ್ಗೆ ನಾನು ಏನೋ ಗೊಣಗಿದೆ. ಅವರು ಕೇಳಿಸಿಕೊಂಡ ಹಾಗೆ ಕಾಣಲಿಲ್ಲ. ಮಳೆ ಶುರುವಾಗುವ ಮೊದಲೇ ಹೋಗಿಬಿಟ್ಟರು. ಮಸೀದಿಯ ಹಿಂದಿನ ದಿಣ್ಣೆಗೆ, ಮಣ್ಣು ಹಾಕಲು, ನಾನೂ ಹೋಗಿದ್ದೆ. ಅಲ್ಲಿ ಯಾರೂ ನನ್ನನ್ನು ಮಾತಾಡಲು ಕರೆಯಲಿಲ್ಲ.

ಮಳೆ ಹಿಡಿದ ಮೇಲೆ ಒಂದು ಸ್ವಸಹಾಯ ಸಂಘದ ಸಭೆ. ಎಂದಿನಂತೆ ನಡುವಿನ ಕುರ್ಚಿ. ಒಬ್ಬ ಹೆಣ್ಣುಮಗಳು ಕಂಕುಳಲ್ಲಿ ಎಳೆಗೂಸು ಎತ್ತಿಕೊಂಡು ಪ್ರಮಾಣಪತ್ರ ತೆಗೆದುಕೊಳ್ಳಲು ವೇದಿಕೆಗೆ ಬಂದಳು. ಮಗುವಿನ ಕಣ್ಣು ಸ್ವಲ್ಪ ಹಳದಿ ಇದ್ದ ಹಾಗೆ ಕಂಡಿತು, ಟ್ಯೂಬ್‌ಲೈಟಿನ ಬೆಳಕೂ ಇರಬಹುದು. ನಾನು ಬಗ್ಗಿ, ಆದಷ್ಟು ಮೆಲ್ಲಗೆ ಕೇಳಿದೆ. ನನ್ನ ಮುಂದಿನ ಮೈಕು ಆನ್ ಆಗಿತ್ತು. ದೇವರಮನೆ ಗುಡ್ಡದ ಮೇಲೆ ನಿಂತು ಕೂಗಿದ್ದರೂ ಅಷ್ಟು ಜನಕ್ಕೆ ಕೇಳುತ್ತಿರಲಿಲ್ಲ. ಹಿಂದಿನ ಸಾಲಿನಿಂದ ಯಾರೋ, ಉಮ್ಮರ್ ಸಾಹೇಬ್ರು ಬಂದ್ರು ಎಂದರು. ಎಲ್ಲರೂ ನಕ್ಕರು. ನಾನು ಮಾತ್ರ ಉತ್ತರಕ್ಕೆ ಕಾದೆ. ಸರಿಯಾಗಿ ನೋಡಿಲ್ಲ ಎಂದಳು ತಾಯಿ. ನಾಳೆ ಬೆಳಕಿನಲ್ಲಿ ನೋಡು, ಏನೇ ಇರಲಿ ಡಾಕ್ಟರಿಗೆ ತೋರಿಸಿ ನನಗೆ ಹೇಳು ಎಂದೆ.

ವಾರದೊಳಗೆ ಅವಳ ಗಂಡ ಅಂಗಡಿಗೆ ಬಂದು, ಡಾಕ್ಟರು ನೋಡಿದರು, ಮಗುವಿಗೆ ಏನೂ ಇಲ್ಲ, ಸುಮ್ಮನೆ ನಮ್ಮನ್ನು ಹೆದರಿಸಿಬಿಟ್ಟಿರಿ ಎಂದು ಮುಖ ಗಂಟಿಕ್ಕಿ ಹೇಳಿ ಹೋದ. ನಾನು ಕೊಡೆ ತೆಗೆದುಕೊಂಡು ರಸ್ತೆ ದಾಟಿ ಬೇಕರಿಗೆ ಹೋದೆ. ಅರ್ಧ ಕೆಜಿ ಗೋಧಿ ಹಲ್ವ ಕೇಳಿದೆ. ಬೇಕರಿಯವರು ನನ್ನ ಮುಖ ನೋಡಿದರು. ಚಾಕು ಕೈಯಲ್ಲೇ ಇತ್ತು.

"ತಪ್ಪಾಯ್ತಾ ಅಧ್ಯಕ್ಷ್ರೇ?"

"ತಪ್ಪಾಯ್ತು" ಎಂದೆ. ಇಷ್ಟು ಚಿಕ್ಕ ಭಾಷಣವನ್ನು ನಾನು ಎಂದೂ ಮಾಡಿರಲಿಲ್ಲ.

ಅವರು ಮತ್ತೇನೂ ಕೇಳದೆ ತೂಗಿ, ತಕ್ಕಡಿ ನಿಂತ ಮೇಲೂ ಇನ್ನೊಂದು ತುಂಡು ಹಾಕಿ, ಮಳೆಗೆ ನೆನೆಯದ ಹಾಗೆ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಕೊಟ್ಟರು.